ತಾರೀಖಿಗೆ ಬಂದವರ ನಾಟಕ

ಕಳೆದ ತಿಂಗಳು ಸುಣ್ಣ ಹಚ್ಚಿಸಲೆಂದು ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ತೆಗೆದಾಗ, ನನ್ನ ಹಳೆಯ ಟ್ರಂಕಿನ ತಳದಿಂದ ಒಂದು ಚೌರಿ ಹೆಂಡತಿಯ ಕೈಗೆ ಸಿಕ್ಕಿತು. ಎರಡು ಮೊಳ ಉದ್ದದ ಕರಿಯ ಜಡೆ, ತುದಿಗೆ ಬಣ್ಣಗೆಟ್ಟ ಕೆಂಪು ಗೊಂಡೆ. ಮದುವೆಯಾಗಿ ಇಪ್ಪತ್ತೆಂಟು ವರ್ಷ ಕಳೆದ ಮೇಲೆ ಗಂಡನ ಟ್ರಂಕಿನಲ್ಲಿ ಹೆಣ್ಣಿನ ಜಡೆ ಸಿಕ್ಕರೆ ಯಾವ ಹೆಂಡತಿ ಸುಮ್ಮನಿದ್ದಾಳು? "ಇದು ಯಾರದ್ರಿ?" ಎಂದು ಕೇಳಿದಳು. "ನಂದ" ಎಂದೆ. ಜೀವನದಲ್ಲಿ ಎಷ್ಟೋ ಸುಳ್ಳು ಹೇಳಿ ದಕ್ಕಿಸಿಕೊಂಡವನು ಅಂದು ಶುದ್ಧ ನಿಜ ಹೇಳಿ ಸಿಕ್ಕಿಬಿದ್ದೆ. ಎರಡು ದಿನ ಚಹಾ ತಣ್ಣಗೇ ಬಂತು. ನಾನು ಒಂದು ಕಾಲಕ್ಕೆ ಸ್ತ್ರೀಪಾತ್ರ ಮಾಡುತ್ತಿದ್ದೆ ಎಂಬುದನ್ನು ಮದುವೆಗೆ ಮೊದಲು ಮುಚ್ಚಿಟ್ಟಿದ್ದೆ. ಯಾಕೆ ಮುಚ್ಚಿಟ್ಟೆ ಎಂಬುದು ನಡುವೆ ಎಲ್ಲೋ ಬರುತ್ತದೆ.

ನಮ್ಮ ಊರು ಆಗ ನಾಟಕಕ್ಕೆ ಹೆಸರಾಗಿತ್ತು. ಊರಿನ ಹೆಸರು ಹೇಳುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕರಲ್ಲಿ ಒಂದು ಎಂದಷ್ಟೇ ತಿಳಿದುಕೊಳ್ಳಿ. ಹೆಸರು ಹೇಳಿದರೆ ಉಳಿದ ಮೂರು ಊರಿನವರು ತಕರಾರು ತೆಗೆಯುತ್ತಾರೆ. ನಮ್ಮ ಕಡೆ ತಕರಾರು ಅಂದರೆ ಅಜ್ಜ ಹೂಡಿ ಮೊಮ್ಮಗ ಮುಗಿಸುವಂಥದ್ದು.

ಅಂಥ ಒಣ ಊರಿನಲ್ಲಿ ನಾಟಕದ ಚಳವಳಿ ಅಷ್ಟು ಹುಲುಸಾಗಿ ಏಕೆ ಬೆಳೆಯಿತು ಎಂದು ಆಮೇಲೆ ಬಹಳ ಜನ ವಿಚಾರ ಮಾಡಿದ್ದಾರೆ. ಒಬ್ಬರು ಎರಿಭೂಮಿಯ ಗುಣ ಎಂದರು. ಇನ್ನೊಬ್ಬರು ಶರಣರು ಓಡಾಡಿದ ಸೀಮೆಯಾದ್ದರಿಂದ ಇಲ್ಲಿಯವರ ನಾಲಗೆಯ ಮೇಲೆ ಮಾತು ತಾನಾಗಿ ಕುಣಿಯುತ್ತದೆ ಎಂದರು. ಹಾಗಿದ್ದರೆ ನಮ್ಮ ಶಿರಸ್ತೇದಾರರ ನಾಲಗೆಯ ಮೇಲೆ ಬೈಗುಳ ಮಾತ್ರ ಏಕೆ ಕುಣಿಯುತ್ತಿತ್ತೋ ತಿಳಿಯದು. ದಕ್ಷಿಣದ ಕಡೆಯಿಂದ ಬಂದ ಒಬ್ಬ ಪ್ರಾಧ್ಯಾಪಕರಂತೂ, ಮಳೆ ಬಾರದ ನೆಲದ ಆಂತರಿಕ ದಾಹವೇ ಕಲೆಯಾಗಿ ಚಿಮ್ಮಿದೆ ಎಂದು ಒಂದು ತಾಸು ಮಾತಾಡಿ ನಾಲ್ಕು ಲೋಟ ನೀರು ಕುಡಿದರು. ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಎದ್ದು ನಿಂತು, "ಸ್ವಾಮಿ, ಕಾರಣ ಅದಲ್ಲ, ಐದು ಗಂಟೆಯ ಬಸ್ಸು" ಎಂದು ಹೇಳಬೇಕೆನ್ನಿಸಿತು. ನಿವೃತ್ತ ಕಾರಕೂನನ ಮಾತನ್ನು ಯಾರು ಬರೆದುಕೊಳ್ಳುತ್ತಾರೆ ಎಂದು ಸುಮ್ಮನಾದೆ. ನೀವಾದರೂ ಕೇಳಿ.

ರಾಜ್ಯ ಒಂದಾದ ಹೊಸತರಲ್ಲಿ ನಾನು ಅಲ್ಲಿಯ ಕೋರ್ಟಿನಲ್ಲಿ ಕಾರಕೂನನಾಗಿ ಸೇರಿದೆ. ಹಳ್ಳಿಗಳಿಂದ ಖಟ್ಲೆಯ ಜನ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಹನ್ನೊಂದಕ್ಕೆ ಪಟ್ಟೇವಾಲ ಹೆಸರು ಕೂಗುವನು, ಹನ್ನೆರಡರ ಹೊತ್ತಿಗೆ ಅವರ ಕೈಗೆ ಮುಂದಿನ ತಾರೀಖು ಸಿಗುವುದು. ತಿರುಗಿ ಹೋಗುವ ಬಸ್ಸು ಮಾತ್ರ ಸಂಜೆ ಐದಕ್ಕೆ. ಹನ್ನೆರಡರಿಂದ ಐದರವರೆಗೆ ಆ ಜನ ಏನು ಮಾಡಬೇಕು? ಕೋರ್ಟಿನ ಅಂಗಳದಲ್ಲಿ ಒಂದು ದೊಡ್ಡ ಬೇವಿನ ಗಿಡವಿತ್ತು. ಅದರ ಕೆಳಗೆ ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಎಲೆ ಅಡಿಕೆ ಹಾಕಿಕೊಂಡು, ಎದುರಾಳಿಯ ಮುಖ ಕಾಣದ ಹಾಗೆ ಬೆನ್ನು ತಿರುಗಿಸಿ ಮಲಗುತ್ತಿದ್ದರು. ನಮ್ಮ ಊರಿನ ಸಂಸ್ಕೃತಿ ಹುಟ್ಟಿದ್ದು ಈ ಐದು ತಾಸಿನಲ್ಲಿ.

ಹುಟ್ಟಿಸಿದವರು ಮೌಲಾಸಾಹೇಬರು. ಅದೇ ಗಿಡದ ಕೆಳಗೆ ಇಳಿಜಾರಿನ ಸಣ್ಣ ಮೇಜು ಇಟ್ಟುಕೊಂಡು ಜನರಿಗೆ ಅರ್ಜಿ ಬರೆದುಕೊಡುವುದು ಅವರ ಉದ್ಯೋಗ. ಕರಿಯ ಟೋಪಿ, ಒಂದು ಕಡೆ ದಾರ ಕಟ್ಟಿದ ಕನ್ನಡಕ, ಮುತ್ತಿನಂಥ ಕನ್ನಡ ಅಕ್ಷರ. ಅವರ ಮನೆತನ ಎಷ್ಟು ತಲೆಮಾರಿನಿಂದ ಆ ಊರಲ್ಲಿದೆ ಎಂಬುದು ಅವರಿಗೇ ಗೊತ್ತಿರಲಿಲ್ಲ. ಅವರಿಗಿದ್ದ ತೊಂದರೆ ಒಂದೇ, ಬರೆಯುತ್ತ ಬರೆಯುತ್ತ ಮನಸ್ಸು ತುಂಬಿ ಬರುತ್ತಿತ್ತು. ಬಾವಿಯ ಪಾಲಿನ ಅರ್ಜಿ ಬರೆದರೆ ಅದರಲ್ಲಿ ಬಾವಿಯೂ ಅಳುತ್ತಿತ್ತು. ಒಮ್ಮೆ ಒಬ್ಬ ಸಾಹೇಬರು, "ಕರುಣೆ ಕಡಿಮೆ ಮಾಡಿ, ಸರ್ವೆ ನಂಬರು ಹಾಕಿ" ಎಂದು ಷರಾ ಬರೆದು ಅರ್ಜಿಯನ್ನು ತಿರುಗಿ ಕಳಿಸಿದರು. ಅಂದಿನಿಂದ ಮೌಲಾಸಾಹೇಬರು ಅರ್ಜಿಯಿಂದ ತೆಗೆದುಹಾಕಿದ ಕರುಣೆಯನ್ನೆಲ್ಲ ಬೇರೆ ಒಂದು ವಹಿಯಲ್ಲಿ ಬರೆದಿಡತೊಡಗಿದರು. ಎರಡು ವರ್ಷಕ್ಕೆ ವಹಿ ತುಂಬಿತು. ತಿರುವಿ ನೋಡಿದರೆ ಅದೊಂದು ನಾಟಕವಾಗಿತ್ತು. ಭೂಮಿಗಾಗಿ ಬೇರೆಯಾದ ಅಣ್ಣತಮ್ಮಂದಿರು; ಕೊನೆಗೆ ಅಣ್ಣ ತಮ್ಮನ ತೊಡೆಯ ಮೇಲೆ ಎದೆಯೊಡೆದು ಸಾಯುತ್ತಾನೆ.

ಅಣ್ಣನ ಪಾರ್ಟಿಗೆ ಮಲ್ಲನಗೌಡರೇ ಆಗಬೇಕು, ತಮ್ಮನ ಪಾರ್ಟಿಗೆ ಭೀಮನಗೌಡರೇ ಆಗಬೇಕು ಎಂದು ಮೌಲಾಸಾಹೇಬರು ಹಟ ಹಿಡಿದರು. ಇಬ್ಬರೂ ಒಂದೇ ಹಳ್ಳಿಯವರು, ಒಬ್ಬ ಅಜ್ಜನ ಮೊಮ್ಮಕ್ಕಳು. ಇಬ್ಬರ ಹೊಲದ ನಡುವಿನ ಮೂರು ಮೊಳದ ಬದುವು ಯಾರದು ಎಂಬ ಖಟ್ಲೆ ಹನ್ನೊಂದು ವರ್ಷದಿಂದ ನಡೆದಿತ್ತು. ಮಲ್ಲನಗೌಡರು ವಾದಿ, ಭೀಮನಗೌಡರು ಪ್ರತಿವಾದಿ. ಹನ್ನೊಂದು ವರ್ಷದಲ್ಲಿ ಒಬ್ಬರ ಜೊತೆ ಒಬ್ಬರು ಒಂದು ಮಾತಾಡಿರಲಿಲ್ಲ. ಮಲ್ಲನಗೌಡರ ಗಂಟಲು ಎಂಥದೆಂದರೆ, ಗಿಡದ ಕೆಳಗೆ ಕೆಮ್ಮಿದರೆ ಒಳಗೆ ಸಾಕ್ಷಿ ಹೇಳುವವನು ಮಾತು ಮರೆಯುತ್ತಿದ್ದ. ಭೀಮನಗೌಡರಿಗೆ ಬೇಕೆಂದಾಗ ಅಳು ಬರುತ್ತಿತ್ತು. ಸಾಕ್ಷಿಕಟ್ಟೆಯಲ್ಲಿ ಹನ್ನೊಂದು ವರ್ಷ ಅದನ್ನೇ ರೂಢಿ ಮಾಡಿದ್ದರು. ಆದರೆ ಇಬ್ಬರೂ ಒಪ್ಪಲಿಲ್ಲ. ವೈರಿಯನ್ನು ತಮ್ಮಾ ಎಂದು ಹೇಗೆ ಕರೆಯುವುದು?

ಮೌಲಾಸಾಹೇಬರು ಇಬ್ಬರಿಗೂ ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರು. "ಗೌಡ್ರ, ನೀವು ಅವರ ಜೋಡಿ ಮಾತಾಡೂದು ಬ್ಯಾಡ್ರಿ. ನಾ ಬರದದ್ದು ಹೇಳ್ರಿ, ಅಷ್ಟ ಸಾಕು. ಮಾತು ನಂದು, ಬಾಯಿ ಅಷ್ಟ ನಿಮ್ಮದು."

ಈ ಶರತ್ತಿನ ಮೇಲೆ ತಾಲೀಮು ಶುರುವಾಯಿತು. ಊಟದ ಬಿಡುವಿನಲ್ಲಿ ನೋಡಲು ಹೋದ ನಾನು ಹೇಗೋ ತಮ್ಮನ ಹೆಂಡತಿಯ ಪಾರ್ಟಿಗೆ ಸಿಕ್ಕಿಹಾಕಿಕೊಂಡೆ. ನನ್ನ ಧ್ವನಿ ತೆಳ್ಳಗಿತ್ತು, ನಾನೂ ತೆಳ್ಳಗಿದ್ದೆ. ಕಷ್ಟಪಟ್ಟು ಬೆಳೆಸಿದ ಮೀಸೆ ಇನ್ನೂ ತೆಳ್ಳಗಿತ್ತು. ಅದನ್ನು ಕಲೆಗಾಗಿ ತೆಗೆದೆ. ಆಫೀಸಿನಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ.

ಗೌಡರಿಬ್ಬರೂ ನಾಟಕದ ಮಾತು ಬಿಟ್ಟರೆ ಒಂದು ಅಕ್ಷರವನ್ನೂ ಆಡುತ್ತಿರಲಿಲ್ಲ. "ತಮ್ಮಾ, ನನ್ನ ಪ್ರಾಣವೇ" ಎಂದು ಕೊರಳು ತಬ್ಬಿ ಅತ್ತವರು, ಆ ಪ್ರವೇಶ ಮುಗಿದ ಕೂಡಲೇ ಗಿಡದ ಆಚೆಗೊಬ್ಬರು ಈಚೆಗೊಬ್ಬರು ಹೋಗಿ ಕೂರುತ್ತಿದ್ದರು. ಹೇಳಲೇಬೇಕಾದದ್ದು ನನ್ನ ಮುಖಾಂತರ ಹೋಗುತ್ತಿತ್ತು. ಒಂದು ದಿನ ಮಲ್ಲನಗೌಡರು ನನ್ನನ್ನು ಕರೆದು, "ಕಾರಕೂನ್ರ, ಆ ಪ್ರತಿವಾದಿಗೆ ಹೇಳ್ರಿ, ನಾ ಸಾಯೂ ಮುಂದ ತೊಡಿ ಅಳ್ಳಾಡಸಬ್ಯಾಡ ಅಂತ. ನನಗ ಸಾಯಾಕ ಆಗವೊಲ್ದು" ಎಂದರು. ನಾನು ಹತ್ತು ಹೆಜ್ಜೆ ನಡೆದು ಅದನ್ನು ಭೀಮನಗೌಡರಿಗೆ ತಲುಪಿಸಿದೆ. ಅವರು ವಿಚಾರ ಮಾಡಿ, ವಾದಿಯ ತಲೆ ಭಾರ ಬಹಳ, ಸಾಯುವ ಮೊದಲು ಪಟಕಾ ತೆಗೆದಿಡಲಿ ಎಂದು ಜವಾಬು ಕೊಟ್ಟರು.

ನಟರು ಒಂದೇ ದಿನ ಊರಿಗೆ ಬಂದರಷ್ಟೇ ತಾಲೀಮು. ಆದ್ದರಿಂದ ಅವರ ಖಟ್ಲೆಗಳೆಲ್ಲ ಸೋಮವಾರಕ್ಕೇ ಬೀಳುವಂತೆ ನಾನು ಪಟ್ಟಿ ತಯಾರಿಸುತ್ತಿದ್ದೆ. ವಕೀಲರಿಗೆ ಖಟ್ಲೆ ಮುಂದೂಡಿಸುವ ಮುದ್ದತ್ತು ಕೇಳಲು ಯಾರೂ ಕಲಿಸಬೇಕಾಗಿರಲಿಲ್ಲ. ಒಬ್ಬ ಮನುಷ್ಯ ರಾಜಿಗೆ ಸಿದ್ಧನಾಗಿದ್ದವನು, ಸೇನಾಪತಿಯ ಪಾರ್ಟು ಸಿಕ್ಕ ಮೇಲೆ ರಾಜಿಯನ್ನು ಮುರಿದುಕೊಂಡ. ಇನ್ನೊಬ್ಬ ಗೆದ್ದು ಹೋಗಿ, ಪಾರ್ಟು ಹೋಯಿತಲ್ಲ ಎಂದು ಎದುರಾಳಿಯನ್ನು ಅಪೀಲು ಮಾಡೆಂದು ಬೇಡಿಕೊಂಡ. ಎರಡು ವರ್ಷದಲ್ಲಿ ಮೂರು ನಾಟಕ ಆದವು. ಎಲ್ಲವೂ ಮಧ್ಯಾಹ್ನವೇ. ನೋಡುವವರೂ ಆಡುವವರೂ ಐದರ ಬಸ್ಸು ಹಿಡಿಯಬೇಕಿತ್ತು. ಸತ್ತ ಮಲ್ಲನಗೌಡರು ಬಸ್ಸಿನ ಹಾರ್ನು ಕೇಳಿ ಎದ್ದು ಓಡಿದ್ದೂ ಉಂಟು. ಇದನ್ನೇ ಆ ಪ್ರಾಧ್ಯಾಪಕರು "ಬೆಳಕಿನ ಭ್ರಮೆಯನ್ನು ನಿರಾಕರಿಸಿದ ಹಗಲು ರಂಗಭೂಮಿಯ ದಿಟ್ಟ ಪ್ರಯೋಗ" ಎಂದು ಹೊಗಳಿದ್ದು.

ಈ ನಡುವೆ ನನಗೊಂದು ಕನ್ಯೆಯ ಮಾತು ಬಂದಿತ್ತು. ಹುಡುಗಿಯ ತಂದೆ ವರನನ್ನು ನೋಡಲು ಹೇಳದೆ ಕೇಳದೆ ಕೋರ್ಟಿಗೇ ಬಂದರು. ಇಂಥ ಕಾರಕೂನರು ಎಲ್ಲಿದ್ದಾರೆ ಎಂದು ಪಟ್ಟೇವಾಲನನ್ನು ಕೇಳಿದರೆ, ಆ ಮಹಾರಾಯ ಗಿಡದ ಕಡೆ ಕೈ ಮಾಡಿ, "ಅಲ್ಲಿ ಹಸಿರು ಸೀರಿ ಉಟ್ಟು ಅಳಾಕತ್ತಾರಲ್ರಿ, ಅವರ" ಎಂದ. ಅವರು ಸ್ವಲ್ಪ ಹೊತ್ತು ನಿಂತು ನೋಡಿದರು. ಅಭಿನಯ ಚೆನ್ನಾಗಿತ್ತೆಂದು ಆಮೇಲೆ ಯಾರಿಗೋ ಹೇಳಿದರಂತೆ. ಮಗಳನ್ನು ಮಾತ್ರ ಕೊಡಲಿಲ್ಲ. ಮುಂದಿನ ಮಾವನವರಿಗೆ ನಾನು ಬಾಯಿ ಬಿಡದಿರಲು ಇದೇ ಕಾರಣ.

ಆಮೇಲೆ ಹೊಸ ಮುನಸೀಫ ಸಾಹೇಬರು ಬಂದರು. ಮೈಸೂರು ಕಡೆಯವರು. ಸಣ್ಣ ಧ್ವನಿ, ಸಣ್ಣ ದೇಹ, ಖಟ್ಲೆ ಮುಗಿಸುವುದರಲ್ಲಿ ಮಾತ್ರ ಬಲು ಗಟ್ಟಿ. ಆ ಯುಗಾದಿಯ ಮರುದಿನ ನಾಲ್ಕೂ ತಾಲೂಕಿನ ಜನರೆದುರು ಅಣ್ಣತಮ್ಮಂದಿರ ನಾಟಕ ಆಗುವುದೆಂದು ಗೊತ್ತಾಗಿತ್ತು. ಇಂಗಳೇಶ್ವರದಿಂದ ಪೇಟಿ ನುಡಿಸುವವರು, ಅಗರಖೇಡದಿಂದ ತಬಲಾದವರು ಬರುವವರಿದ್ದರು. ತಾಲೀಮಿಗೆ ಇಡೀ ದಿನ ಬೇಕೆಂದು ಮೌಲಾಸಾಹೇಬರು ಗೌಡರಿಬ್ಬರ ಪರವಾಗಿ ಮುದ್ದತ್ತಿನ ಅರ್ಜಿ ಬರೆದರು. ಅವಸರದಲ್ಲಿ ಅರ್ಜಿ ಯಾವುದು ನಾಟಕ ಯಾವುದು ಎಂಬ ಭೇದ ಉಳಿಯಲಿಲ್ಲ. ಅದನ್ನು ಓದಿ ಹೇಳುವ ಭಾಗ್ಯ ನನ್ನದಾಯಿತು. "ವಾದಿಯು ಈ ದಿವಸ ಮಧ್ಯಾಹ್ನ ಒಂದೂವರೆ ಗಂಟೆಗೆ ಸಾಯತಕ್ಕವನಿದ್ದು, ಪ್ರತಿವಾದಿಯ ತೊಡೆಯ ಮೇಲೆಯೇ ಸಾಯಬೇಕಾಗಿರುವುದರಿಂದ, ಉಭಯತರಿಗೂ ಪುರಸೊತ್ತಿಲ್ಲದ ಕಾರಣ ಮುದ್ದತ್ತು ದಯಪಾಲಿಸಬೇಕು."

ಸಾಹೇಬರು ಮಲ್ಲನಗೌಡರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆರಡಿ ಆಳು, ಗಲ್ಲದಲ್ಲಿ ಎಲೆ ಅಡಿಕೆ.

"ಏನ್ರೀ ಇದು, ನೀವು ಸಾಯ್ತೀರಾ?"

"ಹೌದ್ರಿ ಸಾಹೇಬ್ರ. ಒಂದೂವರಿಗೆ."

"ಯಾರಾದ್ರೂ ಹೆದರಿಸಿದಾರಾ?"

"ಇಲ್ರಿ. ಎದಿ ಒಡದು ಸಾಯ್ತೇನಿ. ಎರಡು ವರ್ಷ ಆತ್ರಿ, ಸೋಮವಾರಕ್ಕೊಮ್ಮೆ ಸಾಯಾಕತ್ತೇನಿ."

ವಿಷಯ ತಿಳಿದಾಗ ಸಾಹೇಬರು ನಗಲಿಲ್ಲ. ಅರ್ಜಿ ತಳ್ಳಿಹಾಕಿ ಅಂದೇ ವಾದ ಕೇಳಿ ಮುಗಿಸಿದರು. ಯುಗಾದಿಗೆ ನಾಲ್ಕು ದಿನ ಮೊದಲು ತೀರ್ಪು ಹೇಳುತ್ತೇನೆ ಎಂದು ಎದ್ದು ಹೋದರು.

ಗಿಡದ ಕೆಳಗೆ ಸೂತಕ ಬಂದಂತಾಯಿತು. ನಿಕಾಲಿ ಯಾರ ಕಡೆಯಾದರೂ ಸರಿ, ಸೋತವನು ಗೆದ್ದವನ ಕೊರಳು ತಬ್ಬುವುದು ಸಾಧ್ಯವೇ? ನಾಟಕ ಮುಳುಗಿದ ಹಾಗೇ. ಎರಡು ದಿನ ಬಿಟ್ಟು ಮಲ್ಲನಗೌಡರು ನನ್ನ ಕೋಣೆಗೆ ಬಂದರು. ಬಹಳ ಹೊತ್ತು ಮಳೆ ಬೆಳೆ ಮಾತಾಡಿ ಕೊನೆಗೆ, "ಕಾರಕೂನ್ರ, ನಾ ಗೆದ್ದರ ಅಂವ ಪಾರ್ಟು ಬಿಡತಾನ್ರಿ. ಆ ಕಾಗದಾ ಒಂದ ಎಂಟು ದಿನ ಎಲ್ಯಾರ ಅಡಗಿಸಿ ಇಡ್ರಿ" ಎಂದರು. ಮರುದಿನ ಅದೇ ಹೊತ್ತಿಗೆ ಭೀಮನಗೌಡರು ಬಂದು ಅದೇ ಮಾತನ್ನು ಕಣ್ಣೀರು ಕೂಡಿಸಿ ಹೇಳಿದರು. ಇಷ್ಟು ವರ್ಷ ಸೋಲಿಗೆ ಹೆದರಿದವರು ಈಗ ಗೆಲುವಿಗೆ ಹೆದರಿದ್ದರು.

ನಾನು ದೊಡ್ಡ ಮನುಷ್ಯನೇನಲ್ಲ. ಒಂದು ಸಂಜೆ ಎಲ್ಲರೂ ಹೋದ ಮೇಲೆ ಕಪಾಟು ತೆಗೆದೆ. ಆ ಫೈಲನ್ನು ಎತ್ತಿ ಹಳೆಯ ಫೈಲುಗಳ ಗಂಟಿನೊಳಗೆ ತುರುಕಿದೆ. ಕಿಟಕಿಯ ಹೊರಗೆ ಮೇಜು ಮಡಚುತ್ತಿದ್ದ ಮೌಲಾಸಾಹೇಬರು ನೋಡಿಬಿಟ್ಟರು. ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಬ್ಯಾಡಪಾ. ನಾಟಕ ಹ್ವಾದರ ನಾ ಇನ್ನೊಂದು ಬರೀತೇನಿ. ನೌಕರಿ ಹ್ವಾದರ ಅದನ್ನ ಯಾರು ಬರದು ಕೊಡ್ತಾರ?" ಫೈಲನ್ನು ಮೊದಲಿದ್ದಲ್ಲೇ ತಿರುಗಿ ಇಟ್ಟೆ. ಪ್ರಾಮಾಣಿಕತೆ ಎಂದು ಹೇಳಿಕೊಳ್ಳಬಹುದು. ಆದರೆ ಅದು ಬರೀ ಹೆದರಿಕೆ.

ನಿಕಾಲಿಯ ದಿನ ಕೋರ್ಟು ಕಿಕ್ಕಿರಿದಿತ್ತು. ಖಟ್ಲೆ ಇಲ್ಲದವರೂ ಬಂದಿದ್ದರು. ಸಾಹೇಬರು ಕಾಗದ ಬಿಚ್ಚಿ, ಓದುವ ಮೊದಲು ಪದ್ಧತಿಯಂತೆ ಒಂದು ಮಾತು ಕೇಳಿದರು. "ಇನ್ನೂ ಅವಕಾಶ ಇದೆ. ರಾಜಿ ಆಗ್ತೀರಾ?"

ಭೀಮನಗೌಡರ ಗಲ್ಲ ಅದುರುತ್ತಿತ್ತು. ಏನೋ ಹೇಳಬೇಕೆಂಬುದು ಎಲ್ಲರಿಗೂ ಕಾಣುತ್ತಿತ್ತು. ಆದರೆ ಹನ್ನೊಂದು ವರ್ಷ ಬಿಟ್ಟ ಮಾತು ಎರಡು ವರ್ಷ ಜಾಸ್ತಿಯಾಗಿ ಹದಿಮೂರಾಗಿತ್ತು. ಅಣ್ಣನ ಜೊತೆ ಆಡಲು ಅವರ ಹತ್ತಿರ ಇದ್ದದ್ದು ಮೌಲಾಸಾಹೇಬರ ಮಾತು ಮಾತ್ರ. ಕೈ ಮುಂದೆ ಚಾಚಿ ಅದನ್ನೇ ಹೇಳಿದರು.

"ಅಣ್ಣಯ್ಯಾ, ಮೂರು ಮೊಳದ ಮಣ್ಣಿಗಾಗಿ ಮೂವತ್ತು ವರುಷದ ಬಾಂಧವ್ಯವನ್ನು ಹೂಳಿದೆನಲ್ಲಾ!"

ಮಲ್ಲನಗೌಡರು ಕಟಕಟೆ ಹಿಡಿದು, ಗೋಡೆ ಗುಡುಗುವಂತೆ ಜವಾಬು ಕೊಟ್ಟರು.

"ತಮ್ಮಾ, ಹೂಳಿದವನು ನೀನೊಬ್ಬನೇ ಅಲ್ಲ. ಇನ್ನೊಂದು ಗುದ್ದಲಿ ನನ್ನ ಕೈಯಲ್ಲಿತ್ತು."

ಆಮೇಲಿನ ಮಾತು ತಮ್ಮನ ಹೆಂಡತಿಯದು. ಅಂದರೆ ನನ್ನದು. ನಾನು ಸಾಹೇಬರ ಪೀಠದ ಕೆಳಗಿನ ಮೇಜಿನ ಮುಂದೆ ಲೆಕ್ಕಣಿಕೆ ಹಿಡಿದು ಕುಳಿತಿದ್ದೆ. ಬಾಗಿಲಿನಿಂದ ಮೌಲಾಸಾಹೇಬರು, ಎರಡು ವರ್ಷದ ರೂಢಿಯಂತೆ, ಮಾತು ಎತ್ತಿಕೊಟ್ಟರು: "ನಾಥಾ... ನಾಥಾ..." ನನಗೆ ಏನಾಯಿತೋ ತಿಳಿಯದು. ಎದ್ದು ನಿಂತು, ಸೆರಗು ಇಲ್ಲದ ಹೆಗಲಿನ ಮೇಲೆ ಸೆರಗು ಸರಿಮಾಡಿಕೊಂಡು, ಹೆಣ್ಣು ಧ್ವನಿಯಲ್ಲಿ, "ನಾಥಾ, ಇನ್ನೇಕೆ ತಡ? ಭಾವನವರ ಪಾದ ಹಿಡಿಯಿರಿ" ಎಂದುಬಿಟ್ಟೆ.

ಭೀಮನಗೌಡರು ಹೋಗಿ ಪಾದ ಹಿಡಿದರು. ಅಳುತ್ತಿದ್ದರು. ಆ ಅಳು ನಾಟಕದ್ದೋ ನಿಜದ್ದೋ ಇಂದಿಗೂ ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿತ್ತೆಂದು ನನಗನ್ನಿಸುವುದಿಲ್ಲ. ನಾಟಕದ ಪ್ರಕಾರ ಈಗ ಮಲ್ಲನಗೌಡರು ಅರ್ಧ ಪುಟದ ಮಾತು ಹೇಳಬೇಕಿತ್ತು. ಹೇಳಲಿಲ್ಲ. ಬಗ್ಗಿ ಭುಜ ಹಿಡಿದು, "ಸಾಕ ಏಳೋ, ಭೀಮ್ಯಾ" ಎಂದರು. ವಹಿಯಲ್ಲಿ ಎಲ್ಲೂ ಇಲ್ಲದ ಮಾತು ಅದು. ಬಾಗಿಲಲ್ಲಿ ಮೌಲಾಸಾಹೇಬರು ಟೋಪಿ ತೆಗೆದು ಕಣ್ಣು ಒರೆಸಿಕೊಂಡರು.

ಸಾಹೇಬರು ಓದಲಿದ್ದ ಕಾಗದವನ್ನು ಮಡಚಿ ಬದಿಗಿಟ್ಟರು. ನಾನಿನ್ನೂ ನಿಂತೇ ಇದ್ದೆ. ನನ್ನ ಕಡೆ ತಿರುಗಿ, "ಕೂತ್ಕೊಳ್ಳಮ್ಮಾ" ಎಂದರು. ಆಮೇಲೆ ತಮಗೇ ಕೇಳಿಸಿ, ಕೆಮ್ಮಿ, ಕಾಗದ ಮೇಲಕ್ಕೂ ಕೆಳಕ್ಕೂ ಮಾಡಿದರು. ನನ್ನ ನೌಕರಿ ಉಳಿಯಿತು. ಹೆಸರು ಉಳಿಯಲಿಲ್ಲ, ನಿವೃತ್ತನಾಗುವವರೆಗೂ ಬೆನ್ನ ಹಿಂದೆ ವಕೀಲರಿಗೆಲ್ಲ ನಾನು "ಅಮ್ಮನವರು".

ಯುಗಾದಿಯ ನಾಟಕ ಹೇಗಾಯಿತೆಂದು ಕೇಳಬೇಡಿ. ಎತ್ತಿನ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಸಾಹೇಬರು ಮುಂದಿನ ಸಾಲಿನಲ್ಲಿ ಕುಳಿತು, ಮಲ್ಲನಗೌಡರು ಸಾಯುವಾಗ ಕೈವಸ್ತ್ರ ತೆಗೆದರು.

ನಮ್ಮ ಚಳವಳಿಯ ಉತ್ತುಂಗ ಅದೇ. ಅವನತಿಯೂ ಅಲ್ಲಿಂದಲೇ. ಖಟ್ಲೆ ಮುಗಿದ ಮೇಲೆ ಗೌಡರು ಪೇಟೆಗೆ ಬರಲು ಕಾರಣ ಉಳಿಯಲಿಲ್ಲ. ಕೋರ್ಟಿನ ತಾರೀಖು ಎಂದರೆ ಯಾವ ಹೆಂಡತಿಯೂ ತಡೆಯುವುದಿಲ್ಲ. ತಾಲೀಮು ಎಂದರೆ ಯಾವ ಹೆಂಡತಿ ಬಿಡುತ್ತಾಳೆ? ಅವರನ್ನು ನೋಡಿ ಉಳಿದವರೂ ರಾಜಿಯಾಗತೊಡಗಿದರು. ಸೇನಾಪತಿ ರಾಜಿಯಾದ. ಮಂತ್ರಿ ರಾಜಿಯಾದ. ಸಾಲದ್ದಕ್ಕೆ ಪ್ರಗತಿಯೂ ಬಂತು, ಹನ್ನೆರಡೂವರೆಗೆ ಇನ್ನೊಂದು ಬಸ್ಸು ಬಿಟ್ಟರು. ತಾರೀಖು ಸಿಕ್ಕವರು ನಿಂತ ಕಾಲಲ್ಲೇ ಬಸ್ಸು ಹತ್ತಿದರು. ಗಿಡದ ಕೆಳಗೆ ಮೌಲಾಸಾಹೇಬರೊಬ್ಬರೇ ಉಳಿದರು. ಹೊಸ ನಾಟಕ ಬರೆದಿದ್ದರು, ಅದನ್ನು ಹೇಳಲು ಬಾಯಿಗಳಿರಲಿಲ್ಲ. ನಮ್ಮ ರಂಗಭೂಮಿಯನ್ನು ಸಿನೆಮಾ ಕೊಂದಿತು ಎಂದು ಪ್ರಾಧ್ಯಾಪಕರು ಬರೆದಿದ್ದಾರೆ. ನಮ್ಮ ಊರಿಗೆ ಸಿನೆಮಾ ಥಿಯೇಟರು ಬಂದದ್ದು ಅದಾಗಿ ಎಂಟು ವರ್ಷಕ್ಕೆ.

ಸಾಹೇಬರಿಗೂ ಏನೋ ತಪ್ಪಿದಂತಾಗಿತ್ತು. ಊಟದ ಬಿಡುವಿನಲ್ಲಿ ಕಿಟಕಿಯಿಂದ ಖಾಲಿ ಗಿಡವನ್ನು ನೋಡುತ್ತ ನಿಲ್ಲುವರು. ಒಮ್ಮೆ ನನ್ನನ್ನು ಕರೆದು, ಯಾಕ್ರೀ ಈಗ ನಾಟಕ ಇಲ್ಲ ಎಂದು ಕೇಳಿದರು. ತಾವು ಎಲ್ಲ ಖಟ್ಲೆ ಮುಗಿಸಿದಿರಿ ಎಂದೆ.

ಒಂದು ವರ್ಷ ಹೀಗೇ ಹೋಯಿತು. ಒಂದು ಬೆಳಗ್ಗೆ ಮೊದಲ ಬಸ್ಸಿನಿಂದ ಮಲ್ಲನಗೌಡರು, ಭೀಮನಗೌಡರು ಜೊತೆಯಾಗಿ ಇಳಿದು ನೇರವಾಗಿ ಮೌಲಾಸಾಹೇಬರ ಮೇಜಿನ ಮುಂದೆ ಕುಳಿತರು. ಒಂದು ಹೊಸ ಖಟ್ಲೆ ಹಾಕಬೇಕಾಗಿದೆ ಎಂದರು.

"ಜಗಳಾ ಏನ್ರಿ?" ಎಂದರು ಮೌಲಾಸಾಹೇಬರು.

ಇಬ್ಬರೂ ಮುಖ ಮುಖ ನೋಡಿಕೊಂಡರು. ಭೀಮನಗೌಡರು ಗಂಟಲು ಸರಿಮಾಡಿಕೊಂಡರು. "ಬದುವಿನ ಮ್ಯಾಲ ಒಂದು ಬನ್ನಿ ಗಿಡ ಐತ್ರಿ. ಮುಂಜಾನಿ ಅದರ ನೆರಳು ನನ್ನ ಹೊಲದಾಗ ಬೀಳತೈತಿ, ಸಂಜಿಗೆ ಅಣ್ಣನ ಹೊಲದಾಗ. ಮಧ್ಯಾಹ್ನದ್ದು ಯಾರದು ಅಂತ."

ಮೌಲಾಸಾಹೇಬರು ಬಹಳ ದಿನದ ಮೇಲೆ ಮನಸ್ಸು ಬಿಚ್ಚಿ ಬರೆದರು. ಅರ್ಜಿಯಲ್ಲಿ ನೆರಳೂ ಅಳುತ್ತಿತ್ತು. ಸೋಮವಾರ ಹೆಸರು ಕೂಗಿದಾಗ ವಾದಿ ಪ್ರತಿವಾದಿ ಒಂದೇ ಬೆಂಚಿನಿಂದ ಎದ್ದು ಬಂದರು. ಎದುರಾಳಿಗಳು ಬೇರೆ ಬೇರೆ ಕೂರಬೇಕೆಂಬುದು ಮರೆತೇ ಹೋಗಿತ್ತು. ಸಾಹೇಬರು ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಇನ್ನೊಮ್ಮೆ ಓದಿದರು. ಒಂದು ಸಾಲಿನಲ್ಲಿ ತಳ್ಳಿಹಾಕಬೇಕಾದ ಅರ್ಜಿ ಅದು. ನಾನು ಆ ಸಾಲನ್ನು ಬರೆದುಕೊಳ್ಳಲು ಲೆಕ್ಕಣಿಕೆ ಅದ್ದಿ ಕಾಯುತ್ತಿದ್ದೆ.

"ಹೊಸ ನಾಟಕದಲ್ಲಿ ಎಷ್ಟು ಅಂಕ?" ಎಂದು ಕೇಳಿದರು ಸಾಹೇಬರು, ತಲೆ ಎತ್ತದೆ.

"ಐದ್ರಿ ಸಾಹೇಬ್ರ," ಎಂದರು ಮಲ್ಲನಗೌಡರು.

ಸಾಹೇಬರು ಅರ್ಜಿಯನ್ನು ತಮ್ಮ ಮುಂದೆ ಎಳೆದುಕೊಂಡರು. "ವಿಷಯವು ಬಹು ಸೂಕ್ಷ್ಮವಾಗಿರುವುದರಿಂದ ಉಭಯತರು ಪ್ರತಿ ಸೋಮವಾರ ತಪ್ಪದೆ ಹಾಜರಿರತಕ್ಕದ್ದು" ಎಂದು ಸ್ವಂತ ಕೈಯಿಂದ ಬರೆದು, ಸಹಿ ಮಾಡಿ, ಮುಂದಿನ ಖಟ್ಲೆ ಕೂಗಲು ಹೇಳಿದರು.